ಎರಡು ಗೆರೆ ಕಾಪಿ ಬಿಟ್ಟ ಮ್ಯಾಲ ಹುಡುಗನ ಕನ್ನಡ ಅಕ್ಷರ ಕೆಟ್ಟೈತಿ, ಎಲ್ಲಿಂದ ತಿದ್ದಬೇಕು?

ಕೊಪ್ಪಳದಕ್ಕ

ಎಲ್ಲಾರಿಗೂ ನಮಸ್ಕಾರ. ಎಂಟನೇ ತರಗತಿ ಹುಡುಗನ ಕನ್ನಡ ಅಕ್ಷರದ ಬಗ್ಗೆ ಕೇಳಬೇಕಾಗಿತ್ತು. ಐದನೇತ್ತೆ ತನಕ ಎರಡು ಗೆರೆ ಕಾಪಿಯೊಳಗ ಮುತ್ತು ಪೋಣಿಸಿದಂಗ ಬರೀತಿದ್ದ. ಒಂದು ಗೆರೆ ನೋಟ್‌ಬುಕ್ಕಿಗೆ ಬಂದ ಮ್ಯಾಲ ವರ್ಷದಿಂದ ವರ್ಷಕ್ಕ ಕೆಡಕೋತ ಬಂದೈತಿ, ಈಗ ಕಾಗಿಕಾಲು ಗುಬ್ಬಿಕಾಲು.

ಬರೇ "ಅಕ್ಷರ ಚಲೋ ಇಲ್ಲ" ಅಂದ್ರ ಯಾರಿಗೂ ತಿಳಿಯೂದಿಲ್ಲ. ಅವನ ಒಂದು ಪುಟ ಮುಂದಿಟ್ಟುಕೊಂಡು ಕಂಡದ್ದನ್ನ ಬರದೀನಿ. ಒತ್ತಕ್ಷರ ಕೆಳಗಿನ ಸಾಲಿಗೆ ಬಡೀತಾವ. "ಕುಷ್ಟಗಿ" ಬರದ್ರ ಅದರ ಒತ್ತು ಕೆಳಗಿನ ಸಾಲಿನ ಅಕ್ಷರದ ತಲಿ ಮ್ಯಾಲ ಕುಂತಿರತೈತಿ. ದ, ಧ, ಥ ಮೂರೂ ಒಂದ ಆಗಿ ಕಾಣತಾವ. "ವು" ಬರದದ್ದು "ಮ" ಅಂತ ಓದಿಸಿಕೊಳ್ಳತೈತಿ. ಸಾಲು ಎಡಕ್ಕ ಗೆರಿ ಮ್ಯಾಲ ಶುರುವಾಗಿ, ಬಲ ಅಂಚಿಗೆ ಬರೂದ್ರಾಗ ಎರಡು ಮೂರು ಮಿಲಿಮೀಟರ್ ಮ್ಯಾಲ ಏರಿರತೈತಿ. ಪುಟ ತಿರುವಿ ಸವರಿದ್ರ ಹಿಂದ ಅಕ್ಷರ ಬೆರಳಿಗೆ ತಾಗತಾವ, ಅಷ್ಟು ಒತ್ತತಾನ. ಇಪ್ಪತ್ತು ನಿಮಿಷಕ್ಕ ಹೆಬ್ಬೆರಳಿನ ಬುಡ ನೋಯತೈತಿ ಅಂತಾನ. ಬಲಗೈ ಬರಹ, 0.5 ಜೆಲ್ ಪೆನ್ನು.

ದಿನಾ ಒಂದು ಪುಟ ಕಾಪಿ ಬರಸ್ರಿ ಅಂತ ಎಲ್ಲಾರೂ ಹೇಳತಾರ. ಮೂರು ತಿಂಗಳು ಬರಸಿದ್ದಾತು. ಪುಟದ ಮೊದಲ ನಾಕು ಸಾಲು ಚಲೋ, ಉಳಿದದ್ದು ಹಳೇದರಂಗ. ಯಾವುದನ್ನ ಮೊದಲು ತಿದ್ದಬೇಕು, ಯಾವುದನ್ನ ಆಮೇಲೆ? ತಿಳಿದವರು ಹೇಳ್ರಿ.

ತಲೆಕಟ್ಟು, ರಾಯಚೂರು

ಅಕ್ಕಾರ, ಪುಟ ಎದುರಿಗಿಟ್ಟುಕೊಂಡು ಬರೆದದ್ದು ಬಹಳ ಒಳ್ಳೆಯದಾಯಿತು, ಕಾರಣ ಅದರಲ್ಲೇ ಇದೆ. ಹುಡುಗನ ಕೈ ಕೆಟ್ಟಿಲ್ಲ. ಗೆರೆ ಬದಲಾದಾಗ ಅಕ್ಷರದ ಎತ್ತರವನ್ನೂ ಬದಲಿಸಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಎರಡು ಗೆರೆ ಕಾಪಿಯಲ್ಲಿ ಮಕ್ಕಳ ಕೈ ಕಲಿಯುವುದು ಒಂದೇ: ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಮುಟ್ಟುವಂತೆ ಅಕ್ಷರ ತುಂಬಿಸುವುದು. ಗುಡಿಸಿಗೆ ಮೇಲೆ, ಒತ್ತಿಗೆ ಕೆಳಗೆ ಅಲ್ಲಿ ಬೇರೆ ಜಾಗ ಬಿಟ್ಟೇ ಇರುತ್ತಾರೆ. ಒಂದು ಗೆರೆಗೆ ಬಂದ ಮೇಲೂ ಕೈ ಅದನ್ನೇ ಮಾಡುತ್ತದೆ, ಗೆರೆಯಿಂದ ಗೆರೆಗೆ ತುಂಬಿಸುತ್ತದೆ. ಸ್ಕೇಲ್ ಇಟ್ಟು ನೋಡ್ರಿ. ಸಾಮಾನ್ಯ ನೋಟ್‌ಬುಕ್ಕಿನಲ್ಲಿ ಎರಡು ಗೆರೆಗಳ ನಡುವೆ ಸುಮಾರು 8 ಮಿಲಿಮೀಟರ್ ಇರುತ್ತದೆ. ಅವನ "ಗ" ಅಥವಾ "ರ" ಎಷ್ಟು ಎತ್ತರ ಇದೆ? 5 ಮಿ.ಮೀ. ಮುಟ್ಟಿದ್ದರೆ ಲೆಕ್ಕ ಅಲ್ಲೇ ತಪ್ಪಿತು. ಉಳಿಯುವುದು 3. ಆ 3ರೊಳಗೆ ಮೇಲಿನ ಸಾಲಿನ ಒತ್ತೂ ಇಳಿಯಬೇಕು, ಕೆಳಗಿನ ಸಾಲಿನ ಗುಡಿಸೂ ಏಳಬೇಕು. ಬಡಿದಾಡದೆ ಇನ್ನೇನು ಮಾಡಾವು?

ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಗೆರೆಯಿಂದ ಕೆಳಗೆ ಇಳಿಯುವವು ಜಿ, ಜೆ, ಪಿ, ಕ್ಯೂ, ವೈ, ಇಷ್ಟೇ. ಕನ್ನಡದಲ್ಲಿ ಯಾವ ವ್ಯಂಜನ ಬೇಕಾದರೂ ಒತ್ತಾಗಿ ಕೆಳಗೆ ಇಳಿಯಬಹುದು. ಹೀಗಾಗಿ ಆ 8 ಮಿ.ಮೀ.ಯನ್ನು ನಾವೇ ಪಾಲು ಹಾಕಿಕೊಳ್ಳಬೇಕು: ಅಕ್ಷರದ ಮೈಗೆ 3, ಮೇಲೆ ಗುಡಿಸಿಗೆ 2, ಕೆಳಗೆ ಒತ್ತಿಗೆ 3.

ಮಾಡುವ ಬಗೆ ಇಷ್ಟು. ಎಚ್‌ಬಿ ಪೆನ್ಸಿಲಿನಿಂದ ಪ್ರತಿ ಗೆರೆಯಿಂದ 3 ಮಿ.ಮೀ. ಮೇಲೆ ತೆಳ್ಳನೆಯ ಇನ್ನೊಂದು ಗೆರೆ ಹಾಕಿರಿ. ಮೈ ಆ ಎರಡರ ನಡುವೆ ಕೂರಬೇಕು, ತಲೆಕಟ್ಟು ಪೆನ್ಸಿಲ್ ಗೆರೆಯ ಮೇಲೆ. ದಿನಕ್ಕೆ ಹತ್ತೇ ಸಾಲು, ಹದಿನೈದು ನಿಮಿಷ. ಹದಿನೈದು ದಿನ ಎಲ್ಲ ಸಾಲಿಗೂ ಪೆನ್ಸಿಲ್ ಗೆರೆ, ಮುಂದಿನ ಹದಿನೈದು ದಿನ ಒಂದು ಸಾಲು ಬಿಟ್ಟು ಒಂದಕ್ಕೆ, ಆಮೇಲೆ ಎಡ ಅಂಚಿನಲ್ಲಿ ಒಂದು ಚುಕ್ಕೆ ಸಾಕು. ಎತ್ತರ ಕಡಿಮೆ ಮಾಡು ಅಂದರೆ ಮಕ್ಕಳು ಅಗಲವನ್ನೂ ಹಿಂಡಿಬಿಡುತ್ತಾರೆ, ಆಗ ಹೊಟ್ಟೆಗಳು ಮುಚ್ಚಿ ಬರೇ ಮಸಿ ಚುಕ್ಕೆಯಾಗಿ ಕಾಣುತ್ತವೆ. ಕನ್ನಡದ ಅಕ್ಷರಕ್ಕೆ ಅಗಲ ಬೇಕು. 3 ಎತ್ತರಕ್ಕೆ 4 ಅಗಲ ಇಟ್ಟರೆ ದುಂಡಗೆ ಕಾಣುತ್ತದೆ. ಪದಗಳ ನಡುವೆ ಒಂದು "ರ" ಹಿಡಿಸುವಷ್ಟು ಜಾಗ.

ಇನ್ನು ಒತ್ತು. ಮೈಯ ಬಲಕ್ಕೆ, ಗೆರೆಯ ಕೆಳಗೆ, 2 ಮಿ.ಮೀ. ಗಾತ್ರ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲ, ಉಳಿದವು ಹೆಚ್ಚುಕಡಿಮೆ ತಲೆಕಟ್ಟು ತೆಗೆದ ಅಕ್ಷರವೇ. ಈ ಆರನ್ನು ಬೇರೆಯಾಗಿ ಬರೆಸಿರಿ: ತ್ತ, ನ್ನ, ಮ್ಮ, ಯ್ಯ, ಕ್ರ, ಲ್ಲ. ಪದವೆಲ್ಲ ಬರೆದು ಮುಗಿಸಿ, ಹಿಂದಕ್ಕೆ ಬಂದು ಒತ್ತು ಹಾಕುವ ಚಾಳಿ ಇದ್ದರೆ ಅದನ್ನು ಮೊದಲ ದಿನವೇ ಬಿಡಿಸಿರಿ. ಒತ್ತು ಬಿಟ್ಟುಹೋಗುವುದೂ, ಪಕ್ಕದ ಅಕ್ಷರಕ್ಕೆ ಹೋಗಿ ಅಂಟುವುದೂ ಅಲ್ಲೇ.

"ಸ್ತ್ರೀ" ಅನ್ನುವ ಒಂದೇ ಅಕ್ಷರ ಅವನ ಕೈಯಲ್ಲಿ ಬರೆಸಿ, ಪಕ್ಕದಲ್ಲಿ ಕೂತು ನೋಡ್ರಿ. ಸ ಬರೆದು ಗುಡಿಸು ಕಟ್ಟಬೇಕು, ಅಂದರೆ "ಸಿ" ಆಗಬೇಕು. ಆಮೇಲೆ ಗೆರೆ ಕೆಳಗೆ ತ ಒತ್ತು, ಅದರ ಮಗ್ಗುಲಿಗೆ ರ ಒತ್ತು, ಎಲ್ಲಾ ಆದ ಮೇಲೆ ಕೊನೆಗೆ ಬಲಕ್ಕೆ ದೀರ್ಘ. ಬಹಳ ಮಕ್ಕಳು "ಸೀ" ಪೂರ್ತಿ ಬರೆದುಬಿಡುತ್ತಾರೆ. ದೀರ್ಘ ಬಲಗಡೆಯ ಜಾಗ ತಿಂದ ಮೇಲೆ ರ ಒತ್ತು ದೀರ್ಘದ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಬರೆಯುವ ಕ್ರಮ ತಪ್ಪಿದ್ದಕ್ಕೆ ಅಕ್ಷರ ಕೆಟ್ಟಿತು, ಕೈಯಿಂದಲ್ಲ.

ಅಭ್ಯಾಸಕ್ಕೆ ಪುಸ್ತಕ ಹುಡುಕಬೇಕಿಲ್ಲ, ನಮ್ಮ ಊರು, ನದಿಗಳ ಹೆಸರೇ ಸಾಕು. ಕುಷ್ಟಗಿ, ಬಳ್ಳಾರಿ, ಕಂಪ್ಲಿ, ಮಾನ್ವಿ, ಮಸ್ಕಿ, ಸಿರುಗುಪ್ಪ, ಸಿಂಧನೂರು, ದೇವದುರ್ಗ, ಯಲಬುರ್ಗಾ, ತುಂಗಭದ್ರಾ, ಕೃಷ್ಣಾ. ಕಂಪ್ಲಿಯಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಒಂದೇ ಅಕ್ಷರಕ್ಕೆ. ದೇವದುರ್ಗ, ಯಲಬುರ್ಗಾದಲ್ಲಿ ಅರ್ಕಾವತ್ತು. ಸಿಂಧನೂರಿನಲ್ಲಿ ಧ, ತುಂಗಭದ್ರಾದಲ್ಲಿ ಭ ಮತ್ತು ದ್ರಾ. ಇವನ್ನು ಒಂದರ ಕೆಳಗೆ ಒಂದು ಸಾಲಿನಲ್ಲಿ ಬರೆಸಿದರೆ ಒತ್ತು ಗುಡಿಸಿಗೆ ಬಡಿಯುತ್ತದೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ.

ಮಸಿಕುಡಿಕೆ, ಬಳ್ಳಾರಿ

ಮಾಸ್ತರು ಹೇಳಿದ ಗೆರೆ ಲೆಕ್ಕ ಸರಿ ಐತೆ. ಆದ್ರೆ ಒತ್ತಿ ಬರೆಯೋದು ಬೇರೆ ರೋಗ, ಅದಕ್ಕೆ ಬೇರೆ ಮದ್ದು ಬೇಕು.

ಬಾಲ್ ಪೆನ್ನಿನ ಇಂಕು ಎಣ್ಣೆ ಥರ ಗಟ್ಟಿ, ಸ್ವಲ್ಪ ಒತ್ತಿದ್ರೇನೇ ಬರೋದು. ಜೆಲ್ಲು ಹಂಗಲ್ಲ, ತುದಿಯ ಗುಂಡು ಉರುಳಿದ್ರೆ ಸಾಕು, ಇಂಕು ತಾನಾಗೇ ಇಳೀತೈತೆ. ಜೆಲ್ಲಿನಲ್ಲೂ ಹಿಂದಿನ ಪುಟಕ್ಕೆ ಮೂಡ್ತೈತೆ ಅಂದ್ರೆ ಹಿಡಿತ ನೋಡ್ರಿ. ಬೆರಳು ಪೆನ್ನಿನ ತುದಿಗೆ ಅಂಟಿಕೊಂಡು ಕೂತಿರ್ತಾವೆ. ತುದಿಯಿಂದ 2.5ರಿಂದ 3 ಸೆಂ.ಮೀ. ಮೇಲೆ ಹಿಡೀಬೇಕು. ಹೆಬ್ಬೆರಳು, ತೋರುಬೆರಳು ಎರಡರ ತುದಿ ಪೆನ್ನನ್ನು ಮುಟ್ಟಿರಬೇಕು, ಪೆನ್ನು ನಡುಬೆರಳಿನ ಮೊದಲ ಗೆಣ್ಣಿನ ಮಗ್ಗುಲಿಗೆ ಒರಗಿರಬೇಕು. ಹೆಬ್ಬೆರಳು ಪೆನ್ನು ದಾಟಿ ತೋರುಬೆರಳಿನ ಮೇಲೆ ಹತ್ತಿ ಕೂತಿದ್ರೆ ಬುಡ ನೋಯೋದು ಅದಕ್ಕೇ. ಬರೀವಾಗ ತೋರುಬೆರಳಿನ ಉಗುರಿನ ತುದಿ ಬೆಳ್ಳಗಾಗ್ತೈತೇನು ನೋಡ್ರಿ, ಆದ್ರೆ ಒತ್ತಡ ಜಾಸ್ತಿ ಅಂತ ಲೆಕ್ಕ.

ಬೆವರೂ ಒಂದು ಕಾರಣ, ಇದನ್ನ ಯಾರೂ ಗಮನಿಸಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ನುಣ್ಣನೆ ಪ್ಲಾಸ್ಟಿಕ್ ಪೆನ್ನು ಜಾರ್ತೈತೆ. ಜಾರ್ತೈತೆ ಅಂತ ಹುಡುಗ ಬಿಗಿ ಹಿಡೀತಾನೆ, ಬಿಗಿ ಹಿಡಿದ ಕೈ ಒತ್ತೇ ಒತ್ತತೈತೆ. ರಬ್ಬರ್ ಹಿಡಿಕೆ ಇರೋ ಪೆನ್ನು ಕೊಡ್ರಿ, ಇಲ್ಲಾಂದ್ರೆ ಹಿಡಿಯೋ ಜಾಗಕ್ಕೆ ತೆಳ್ಳನೆ ರಬ್ಬರ್ ಬ್ಯಾಂಡ್ ನಾಲ್ಕು ಸುತ್ತು ಸುತ್ರಿ. ಅಂಗೈ ಕೆಳಗೆ ಒಂದು ತುಂಡು ಹಾಳೆ ಇಡಲೇಬೇಕು. ಬೆವರು, ಕೈಯೆಣ್ಣೆ ತಾಗಿದ ಜಾಗದಲ್ಲಿ ಜೆಲ್ ಹಿಡಿಯಲ್ಲ, ಬಿಟ್ಟು ಬಿಟ್ಟು ಬರ್ತೈತೆ. ಪೆನ್ನು ಕೆಟ್ಟಿದೆ ಅಂದುಕೊಂಡು ಹುಡುಗ ಅದೇ ಅಕ್ಷರದ ಮೇಲೆ ಎರಡು ಸಲ ಒತ್ತಿ ತಿದ್ದತಾನೆ. ಪುಟದ ಕೆಳಗಿನ ಅರ್ಧ ಯಾವಾಗಲೂ ಮೇಲಿನ ಅರ್ಧಕ್ಕಿಂತ ಗಲೀಜಾಗಿದ್ರೆ ಇದೇ ಕಾರಣ ಇರಬಹುದು, ಅಷ್ಟೊತ್ತಿಗೆ ಕೈ ಆ ಜಾಗವನ್ನೆಲ್ಲ ಸವರಿರ್ತೈತೆ.

ಕೈ ಹಗುರ ಆಗೋಕೆ 2ಬಿ ಪೆನ್ಸಿಲ್ ಚಲೋ ಗುರು. ಮೊನೆ ಚೂಪು ಮಾಡಿ, ಮುರಿಯದಂಗೆ ಹತ್ತು ಸಾಲು ಬರೆಸ್ರಿ. ಒಂದು ಸಾಲು ಮಸುಕು, ಒಂದು ಸಾಲು ಗಾಢ, ಹಿಂಗೆ ಬದಲಾಯಿಸ್ತಾ ಹೋದ್ರೆ ಒತ್ತಡ ಅನ್ನೋದು ತನ್ನ ಕೈಯಲ್ಲೇ ಐತೆ ಅಂತ ಹುಡುಗನಿಗೆ ತಿಳೀತೈತೆ. ಬರೆಯೋ ಹಾಳೆ ಕೆಳಗೆ ನಾಲ್ಕೈದು ಹಾಳೆ ಮೆತ್ತಗೆ ಇರಲಿ, ಬರೇ ಹಲಗೆ ಮೇಲೆ ಒಂದೇ ಹಾಳೆ ಇಡಬೇಡ್ರಿ. ಎರಡನೇ ಹಾಳೆ ಮೇಲೆ ಅಚ್ಚು ಮೂಡದ ದಿನ ಪೆನ್ನಿಗೆ ವಾಪಸ್ ಬನ್ನಿ.

3 ಮಿ.ಮೀ. ಮೈಗೆ 0.5 ತುದಿ ಸರಿಯಾಗಿ ಹೊಂದತೈತೆ. 1.0 ಬೇಡ, ಠ ಮತ್ತು ಥ ಒಳಗಿನ ಚುಕ್ಕೆ ಹೊಟ್ಟೆ ಪೂರ್ತಿ ತುಂಬಿಬಿಡ್ತೈತೆ.

ಇಂಕ್ ಪೆನ್ನು ಕೊಡಬೇಕಾ ಅಂತ ಮುಂದೆ ಕೇಳ್ತೀರಿ, ಅದಕ್ಕೆ ಈಗಲೇ ಹೇಳ್ತೀನಿ. ಕೊಡಬಹುದು, ಒತ್ತಿದ್ರೆ ನಿಬ್ಬು ಸೀಳಿಕೊಳ್ತೈತೆ, ಅದಕ್ಕೆ ಕೈ ತಾನಾಗೇ ಹಗುರ ಆಗ್ತೈತೆ. ಆದ್ರೆ ಹಾಳೆ ನೋಡ್ಕೊಳ್ರಿ. ತೆಳು ನೋಟ್‌ಬುಕ್ಕಿನ ಮೇಲೆ ಒಂದು "ಠ" ಬರೆದು, ಒಣಗಿದ ಮೇಲೆ ಅಂಚು ನೋಡ್ರಿ. ಅಂಚಿನಿಂದ ಕೂದಲು ಕೂದಲಾಗಿ ಇಂಕು ಹರಡಿದ್ರೆ, ಇಲ್ಲಾ ಹಿಂದಿನ ಪುಟಕ್ಕೆ ಇಳಿದ್ರೆ ಆ ಹಾಳೆ ಇಂಕ್ ಪೆನ್ನಿಗೆ ಬರಲ್ಲ. 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ ತೂಗೋ) ಜೆರಾಕ್ಸ್ ಹಾಳೆಗೆ ಗೆರೆ ಹಾಕಿಕೊಂಡು ಬರೆಸ್ರಿ.

ಬಿಸಿಲಿಗೆ ಇಂಕ್ ಪೆನ್ನು ಕಾರೋದು ಅರ್ಧ ಖಾಲಿ ಇದ್ದಾಗ. ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಇಂಕನ್ನು ನಿಬ್ಬಿನ ಕಡೆ ತಳ್ತೈತೆ. ಶಾಲೆಗೆ ಒಯ್ಯುವಾಗ ಪೂರ್ತಿ ತುಂಬಿಸಿ, ನಿಬ್ಬು ಮೇಲಕ್ಕೆ ಇಟ್ಟು ಜೇಬಿಗೆ ಸಿಗಿಸಬೇಕು. ಮುಚ್ಚಳ ತೆಗೆದಿಟ್ಟು ಉತ್ತರ ಯೋಚನೆ ಮಾಡ್ತಾ ಕೂತ್ರೆ ನಮ್ಮ ಒಣಹವೆಗೆ ನಿಬ್ಬಿನ ಮೇಲೆ ಇಂಕು ಕೆನೆಗಟ್ಟತೈತೆ. ಬರೆಯದೇ ಹೋದ್ರೆ ಝಾಡಿಸಬೇಡ್ರಿ, ತಣ್ಣೀರಲ್ಲಿ ನಿಬ್ಬು, ಅದರ ಕೆಳಗಿನ ನಾಲಿಗೆ ಎರಡೂ ತೊಳೀರಿ, ನೀರು ತಿಳಿಯಾಗೋ ತನಕ. ಬಿಸಿನೀರು ಹಾಕಿದ್ರೆ ಪ್ಲಾಸ್ಟಿಕ್ ನಾಲಿಗೆ ಸೊಟ್ಟ ಆಗ್ತೈತೆ. ಚಿತ್ರ ಬರೆಯೋ ಡ್ರಾಯಿಂಗ್ ಇಂಕು ಮಾತ್ರ ಹಾಕಲೇಬೇಡ್ರಿ. ಅದರೊಳಗಿನ ಅರಗು ಒಣಗಿ ನಾಲಿಗೆ ಸಂದಿನಲ್ಲಿ ಗಟ್ಟಿಯಾಯ್ತು ಅಂದ್ರೆ ಪೆನ್ನು ಹೋದಂಗೇ.

ಗವಿಮಠದ ದಾರಿ, ಕೊಪ್ಪಳ

ಎರಡು ವಿಷಯ ಉಳಿದಾವ: ಸಾಲು ಏರೂದು, ಅಕ್ಷರ ಒಂದಕ್ಕೊಂದು ಕಲಸೂದು.

ಸಾಲು ಏರೂದಕ್ಕ ಮೊಣಕೈ ಕಾರಣ. ಮೊಣಕೈ ಒಂದ ಕಡೆ ಊರಿ ಬರದ್ರ ಕೈ ಕಂಪಾಸ್ ಪೆಟ್ಟಿಗಿ ಕೈವಾರದಂಗ ಸುತ್ತತೈತಿ, ಬರೂ ಗೆರಿ ಬಾಗೂದ ಸೈ. ಸಾಲಿನ ಮೂರನೇ ಒಂದು ಪಾಲು ಬರದ ಮ್ಯಾಲ ಮುಂಗೈ ಪೂರ್ತಿ ಬಲಕ್ಕ ಸರಸಬೇಕು, ಮತ್ತ ಮೂರನೇ ಒಂದಕ್ಕ ಇನ್ನೊಮ್ಮೆ. ಮೊಣಕೈ ಬೆಂಚಿನ ಹೊರಗ ಜೋತುಬಿದ್ದಿರಬಾರದು. ಹಾಳಿಯ ತಲಿ 10–15 ಡಿಗ್ರಿ ಎಡಕ್ಕ ವಾಲಿದ್ರ ಸಾಕು. ಇಂಗ್ಲಿಷ್ ಕೂಡಕ್ಷರಕ್ಕ ಹಾಳಿ ಬಹಳ ವಾಲಿಸಿ ಕಲಸಿರತಾರ, ಅದೇ ವಾಲಿನೊಳಗ ಕನ್ನಡ ಬರದ್ರ ನೆಟ್ಟಗ ನಿಲ್ಲಬೇಕಾದ ಅಕ್ಷರ ಬಲಕ್ಕ ಬಿದ್ದಂಗ ಕಾಣತಾವ.

ಈಗ ದ, ಧ, ಥ. ಮೂರರ ಮೈ ಹೆಚ್ಚುಕಡಿಮಿ ಒಂದ. ಧಕ್ಕ ಕೆಳಗ ಪುಟ್ಟ ಗೆರಿ, ಥಕ್ಕ ಹೊಟ್ಟಿಯೊಳಗ ಚುಕ್ಕಿ. ಡ–ಢ, ಪ–ಫ, ಚ–ಛ, ಇವಕ್ಕೂ ಕೆಳಗಿನ ಆ ಗೆರಿಯಿಂದನ ಬದುಕು. ಆ ಗೆರಿ ಅಕ್ಷರದ ಮೈಯನ್ನ ಮುಟ್ಟಿ ಕೆಳಗ 1 ಮಿ.ಮೀ. ಇಳೀಬೇಕು. ಮೈಯಿಂದ ಬಿಟ್ಟು ಹಾಕಿದ್ರ ಒತ್ತಕ್ಷರದ ತುಂಡಿನಂಗ ಕಾಣತೈತಿ, ಮೈಯೊಳಗ ಹೂತುಹೋದ್ರ ಕಾಣೂದ ಇಲ್ಲ.

ಥದ ಚುಕ್ಕಿ ಬಿಡಬ್ಯಾಡಪ್ಪ ಅಂತ ಹುಡುಗರಿಗೆ ಹೇಳಾಕ ನಮ್ಮೂರಾಗ ಒಂದು ಚಲೋ ದಾರಿ ಐತಿ. ಗವಿಮಠದ ಹಂತೇಕ ಬಂಡೆಗಲ್ಲಿನ ಮ್ಯಾಲ ಅಶೋಕನ ಶಾಸನ ಐತಲ್ಲ, ಅದು ಬ್ರಾಹ್ಮಿ ಲಿಪಿ. ಬ್ರಾಹ್ಮಿಯೊಳಗ ಕ ಅಂದ್ರ ಕೂಡಿಸೂ ಗುರುತು, ಠ ಅಂದ್ರ ಬರೇ ದುಂಡನ ಸೊನ್ನಿ, ಥ ಅಂದ್ರ ಸೊನ್ನಿ ನಡುವ ಚುಕ್ಕಿ. ಎರಡು ಸಾವಿರ ವರ್ಷಕ್ಕಿಂತ ಹಿಂದನ ಥವನ್ನ ಗುರುತಿಸೂದು ಆ ಚುಕ್ಕಿಯಿಂದನ ಆಗಿತ್ತು. ಒಮ್ಮೆ ಬ್ರಾಹ್ಮಿ ವರ್ಣಮಾಲಿ ತೋರಸಿ, ಅವನ ಹೆಸರು ಅದರಾಗ ಬರಸ್ರಿ. ಅಕ್ಷರ ಅಂದ್ರ ಗುರುತು, ಗುರುತಿನ ಒಂದು ತುಂಡು ಹೋದ್ರ ಅದು ಬೇರೆ ಅಕ್ಷರ ಅನ್ನೂದು ಮನಸಿಗೆ ನಾಟತೈತಿ.

"ವು" ಮತ್ತ "ಮ". ಬ್ಯಾರೆ ಅಕ್ಷರಕ್ಕ ಕೊಂಬು ಬಲ ಮಗ್ಗುಲಿಗೆ ಬರತೈತಿ. ಪು, ಫು, ವು ಬರಿಯೂವಾಗ ಮಾತ್ರ ಅದನ್ನ ಕೆಳಗಿನಿಂದ ಎಳೀಬೇಕು. ಅಚ್ಚಿನ ಪುಸ್ತಕ ತಗದು ರು ಮತ್ತ ವು ಪಕ್ಕಪಕ್ಕ ಇಟ್ಟು ತೋರಸ್ರಿ, ವ್ಯತ್ಯಾಸ ಕಣ್ಣಿಗೆ ಹೊಡೀತೈತಿ. ನಿಮ್ಮ ಹುಡುಗ ವುಗೂ ಕೊಂಬನ್ನ ಮಗ್ಗುಲಿಗೆ ಹಾಕತಿರಬೇಕು, ಅದಕ್ಕ ಮ ಆಗತೈತಿ. ಇನ್ನು ಪ ಮತ್ತ ವ: ಪ ಅಕ್ಷರದ ಬಲಗೈ ಮ್ಯಾಲ ಬಾಯಿ ತೆರದಿರಬೇಕು, ವ ಮುಚ್ಚಿರಬೇಕು. ಅವಸರದಾಗ ಪ ಅಕ್ಷರದ ಬಾಯಿ ಮುಚ್ಚಿ "ಪರ" ಹೋಗಿ "ವರ" ಆಗತೈತಿ.

ಮಾಸ್ತರ ಒಂದು ಮಾತಿಗೆ ನಂದು ಒಪ್ಪಿಗಿ ಇಲ್ಲ. ಎಂಟನೇತ್ತೆ ಹುಡುಗಗ ಮೊದಲ ದಿನಾನ 3 ಮಿ.ಮೀ. ಕೊಡಬ್ಯಾಡ್ರಿ. ಆಕಾರ ತಪ್ಪಿದ ಅಕ್ಷರವನ್ನ ಸಣ್ಣದು ಮಾಡಿದ್ರ ಸಣ್ಣ ತಪ್ಪು ಆಗತೈತಿ ಅಷ್ಟ. ಮೊದಲ ವಾರ ಪಾಟಿ ಮ್ಯಾಲ ಬಳಪದಿಂದ 4–5 ಸೆಂ.ಮೀ. ಎತ್ತರದ ಅಕ್ಷರ ಬರಸ್ರಿ. ಪಾಟಿಯ ತರಕಿಗೆ ಬಳಪ ಜಾರೂದಿಲ್ಲ, ಕೈ ನಿಧಾನ ಆಗತೈತಿ, ಎಲ್ಲಿ ತಿರುಗಬೇಕು ಎಲ್ಲಿ ಮುಚ್ಚಬೇಕು ಗೊತ್ತಾಗತೈತಿ.

ತಲೆಕಟ್ಟು, ರಾಯಚೂರು

ಪಾಟಿಯ ಮಾತು ಒಪ್ಪಿದೆ ಸರ್, ಆದರೆ ತಪ್ಪುವ ಅಕ್ಷರಗಳಿಗೆ ಮಾತ್ರ. ಈ ಹುಡುಗ ಐದನೇತ್ತೆ ತನಕ ಚೆನ್ನಾಗಿ ಬರೆದವನು, ಆಕಾರ ಅವನಿಗೆ ಗೊತ್ತಿದೆ. 49 ಅಕ್ಷರಗಳನ್ನೂ ಮತ್ತೆ ಪಾಟಿ ಮೇಲೆ ಬರೆಸಿದರೆ ಬೇಸರಪಟ್ಟು ಎದ್ದು ಹೋಗುತ್ತಾನೆ. ದ, ಧ, ಥ, ಪ, ವ, ಮ, ವು, ಇಷ್ಟು ಪಾಟಿಗೆ, ಉಳಿದದ್ದು ಪೆನ್ಸಿಲ್ ಗೆರೆಗೆ.

ನಮ್ಮ ಶಾಲೆಗಳಲ್ಲಿ ಒಂದನೇತ್ತೆಗೆ ಅ ಆ ಇ ಈ ಬಿಟ್ಟು "ರ ಗ ಸ ದ ಅ", "ಜ ವ ಮ ಬ ನ" ಅಂತ ಶುರು ಮಾಡುತ್ತೇವಲ್ಲ, ಕೈಗೆ ಸುಲಭವಾದ ತಿರುವು ಮೊದಲು ಅನ್ನುವುದು ಅದರ ಹಿಂದಿನ ಲೆಕ್ಕ. ತಿದ್ದುವಾಗಲೂ ವರ್ಣಮಾಲೆಯ ಕ್ರಮ ಬೇಡ, ಆಕಾರದ ಗುಂಪು ಹಿಡಿಯಿರಿ.

ಕೊಪ್ಪಳದಕ್ಕ

ಸ್ಕೇಲ್ ಇಟ್ಟು ಅಳದ್ನೆರಿ. ಗ 5.5 ಮಿ.ಮೀ. ಐತಿ! ಹೆಬ್ಬೆರಳು ತೋರುಬೆರಳಿನ ಮ್ಯಾಲನ ಹತ್ತಿ ಕುಂದರತೈತಿ, ಮಸಿಕುಡಿಕೆಯವರು ಕಂಡಂಗನ ಬರದಾರ. "ಸ್ತ್ರೀ" ಬರಿ ಅಂದ್ರ ಮೊದಲು ಸೀ ಪೂರ್ತಿ ಬರದ.

ಇನ್ನೆರಡು ಕೇಳ್ತೀನಿ. ನಿಧಾನ ಬರದ್ರ ಪರೀಕ್ಷೆಯೊಳಗ ಮುಗಿಸೂದು ಹ್ಯಾಂಗ? ಮತ್ತ ಇವನ ತಂಗಿ ಮೂರನೇತ್ತೆ, ಆಕಿ ಎಡಗೈಲೆ ಬರೀತಾಳ. ಬರದದ್ದೆಲ್ಲಾ ಕೈಗೆ ಹತ್ತಿ ಅಲಕತೈತಿ. ಬಲಗೈಗೆ ಬದಲಿ ಮಾಡಸ್ರಿ ಅಂತ ಮನ್ಯಾಗ ಹೇಳಾಕತ್ತಾರ.

ಎಡಗೈ, ಸಿಂಧನೂರು

ಬದಲಿ ಮಾಡಸಬ್ಯಾಡ್ರಿ ಅಕ್ಕಾರ. ಎಡಗೈ ತಪ್ಪಲ್ಲ, ಹಾಳಿ ಇಡೂ ರೀತಿ ಬ್ಯಾರೆ ಅದ, ಅಷ್ಟ. ಹಾಳಿಯ ತಲಿ ಬಲಕ್ಕ 30 ಡಿಗ್ರಿ ವಾಲಿಸ್ರಿ, ಹಾಳಿ ಎದಿ ನಡುವಿನಿಂದ ತುಸು ಎಡಕ್ಕ ಇರಬೇಕು. ಕೈ ಸಾಲಿನ ಕೆಳಗ ಇರ್ಲಿ. ಮಣಿಕಟ್ಟು ಕೊಕ್ಕಿಯಂಗ ಬಗ್ಗಿಸಿ ಸಾಲಿನ ಮ್ಯಾಲಿಂದ ಬರಿಯೂ ಚಟ ಬಿದ್ದರ ಮುಂದ ನೋವು ಬರ್ತದ, ಅದೂ ಅಲ್ಲದ ಈಗ ಬರೆದ ಹಸಿ ಅಕ್ಷರದ ಮ್ಯಾಲನ ಕೈ ಹೋಗ್ತದ. ಪೆನ್ಸಿಲ್ ತುದಿಯಿಂದ 3.5–4 ಸೆಂ.ಮೀ. ಮ್ಯಾಲ ಹಿಡದ್ರ ತಾನು ಬರೆದದ್ದು ತನಗ ಕಾಣ್ತದ.

ಬಲಗೈಯವರು ತಲೆಕಟ್ಟನ್ನ ಎಡದಿಂದ ಬಲಕ್ಕ ಎಳೀತಾರ, ಎಡಗೈಯವರು ಅದನ್ನ ತಳ್ಳಬೇಕಾಗ್ತದ. ತಳ್ಳುವಾಗ ಚೂಪನ್ನ ಮೊನಿ ಹಾಳಿಗೆ ಚುಚ್ಚಿಕೊಳ್ತದ. ಮೂರನೇತ್ತೆಗೆ ಎಚ್‌ಬಿ ಪೆನ್ಸಿಲ್, ಮೊನಿ ತುಸು ಮೊಂಡ ಇರ್ಲಿ. ಮುಂದ ಪೆನ್ನಿಗೆ ಬಂದಾಗ ಜೆಲ್ ಬ್ಯಾಡ, ಒಣಗಾಕ ಹೊತ್ತು ಹಿಡೀತದ. ಬಾಲ್ ಪೆನ್ನು ಕೊಡ್ರಿ. ಸಾಲ್ಯಾಗ ಬೆಂಚಿನ ಎಡ ತುದಿಗೆ ಕೂಡಸಾಕ ಹೇಳ್ರಿ, ಮಗ್ಗುಲ ಹುಡುಗಿ ಮೊಣಕೈ ತಾಗೂದಿಲ್ಲ.

ತಲೆಕಟ್ಟು, ರಾಯಚೂರು

ವೇಗದ ಬಗ್ಗೆ. ಮೊದಲ ತಿಂಗಳು ಗಡಿಯಾರ ತೆಗೆಯಲೇಬೇಡಿ. ಎರಡನೇ ತಿಂಗಳಿಂದ ವಾರಕ್ಕೆ ಎರಡು ಸಲ, ಗೊತ್ತಿರುವ ಒಂದು ಪ್ಯಾರಾ, 3 ನಿಮಿಷ. ಎಷ್ಟು ಪದ ಆಯಿತು ಎಣಿಸಿ ಅಂಚಿನಲ್ಲಿ ಬರೆಯಿರಿ. ಆಮೇಲೆ ಬೇರೆಯವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ತಡವರಿಸಿದ ಪದಗಳಿಗೆ ಸುತ್ತು ಹಾಕಿರಿ. ಪದ ಹೆಚ್ಚಾಗಿ ಸುತ್ತು ಹೆಚ್ಚಾಗದಿದ್ದರೆ ಮುಂದೆ ಹೋಗಿ. ಸುತ್ತು ಹೆಚ್ಚಾದರೆ ವೇಗ ಒಂದು ವಾರ ಹಿಂದಕ್ಕೆ.

ಅವಸರದಲ್ಲಿ ಮೊದಲು ಕೆಡುವುದು ತಲೆಕಟ್ಟು. ಅಡ್ಡಗೆರೆ ಸುರುಳಿಯಾಗಿ "ಕ" ಹೋಗಿ "ಕಿ" ಆಗುತ್ತದೆ, ಇಲ್ಲವೇ "ಕ್" ಆಗುತ್ತದೆ. ಎರಡನೆಯದಾಗಿ ಕೆಡುವುದು ದೀರ್ಘ, ಅದು ಮುಂದಿನ ಅಕ್ಷರಕ್ಕೆ ಅಂಟಿ ಅದರ ಭಾಗವಾಗಿ ಕಾಣುತ್ತದೆ. ಸುತ್ತು ಹಾಕಿದ ಪದಗಳಲ್ಲಿ ಈ ಎರಡನ್ನೇ ಮೊದಲು ಹುಡುಕಿರಿ. ಕನ್ನಡದಲ್ಲಿ ಅಕ್ಷರದಿಂದ ಅಕ್ಷರಕ್ಕೆ ಪೆನ್ನು ಎತ್ತಲೇಬೇಕು, ಇಂಗ್ಲಿಷಿನ ಹಾಗೆ ಕೂಡಿಸಿ ಬರೆದು ಹೊತ್ತು ಉಳಿಸಲು ಬರುವುದಿಲ್ಲ. ಹೊತ್ತು ಉಳಿಯುವುದು ಅಕ್ಷರ ಗಿಡ್ಡವಾದಾಗ. 5.5ರಿಂದ 3ಕ್ಕೆ ಇಳಿದರೆ ಪ್ರತಿ ಅಕ್ಷರಕ್ಕೂ ಪೆನ್ನು ಓಡುವ ದೂರ ಕಡಿಮೆಯಾಗುತ್ತದೆ, ಹೀಗಾಗಿ ನೀವು ಹೆದರಿದಷ್ಟು ನಿಧಾನ ಆಗುವುದಿಲ್ಲ.

ಮಸಿಕುಡಿಕೆ, ಬಳ್ಳಾರಿ

ಒಂದು ಸೇರಿಸ್ತೀನಿ. ಪರೀಕ್ಷೆಗೆ ಹೊಸ ಪೆನ್ನು ಒಯ್ಯಬೇಡ್ರಿ. ಹದಿನೈದು ದಿನ ಬರೆದ ಅದೇ ಪೆನ್ನು, ಅದೇ ಕಂಪನಿಯ ಎರಡು ರೀಫಿಲ್ ಜೊತೆಗೆ. ರೀಫಿಲ್‌ಗಳನ್ನ ಮನೆಯಲ್ಲೇ ನಾಲ್ಕು ಸಾಲು ಬರೆದು ನೋಡಿರಬೇಕು. ಬೈಕಿನ ಡಿಕ್ಕಿಯಲ್ಲಿ, ಕಿಟಕಿ ಬಿಸಿಲಲ್ಲಿ ಇಟ್ಟ ರೀಫಿಲ್ ಹಿಂಬದಿಯಿಂದ ಸೋರ್ತೈತೆ, ತುದಿಯಲ್ಲಿ ಗಾಳಿ ಹಿಡಿದು ಬರೆಯದೇ ನಿಲ್ಲತೈತೆ.